ಮೋಟಾರ್‌ಸೈಕಲ್ ರೇಸ್ ಋತು

ಮೋಟಾರ್‌ಸೈಕಲ್ ರೇಸ್ ಋತು ಎಂದರೆ ವೃತ್ತಿಪರ ಸವಾರರು ಒಂದು ವರ್ಷದ ಅವಧಿಯಲ್ಲಿ ಬೇರೆ ಬೇರೆ ಊರು, ದೇಶಗಳಲ್ಲಿ ಸ್ಪರ್ಧಿಸುವ ಸುತ್ತುಗಳ ಸರಣಿ. ಪ್ರತಿ ಸುತ್ತಿನಲ್ಲಿ ಗಳಿಸಿದ ಅಂಕಗಳನ್ನು ಕೂಡಿಸುತ್ತಾ ಹೋಗಿ, ಕೊನೆಯ ಸುತ್ತಿನ ನಂತರ ಅತಿ ಹೆಚ್ಚು ಅಂಕವುಳ್ಳವರನ್ನು ಆ ವರ್ಷದ ಚಾಂಪಿಯನ್ ಎಂದು ಘೋಷಿಸಲಾಗುತ್ತದೆ. ಅಂತಾರಾಷ್ಟ್ರೀಯ ಸ್ಪರ್ಧೆಗಳಿಗೆ ಅಂತಾರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟವೂ (ಎಫ್‌ಐಎಂ), ಭಾರತದ ರಾಷ್ಟ್ರೀಯ ಸ್ಪರ್ಧೆಗಳಿಗೆ ಎಫ್‌ಎಂಎಸ್‌ಸಿಐ ಸಂಸ್ಥೆಯೂ ಮಾನ್ಯತೆ ನೀಡುತ್ತವೆ. ಋತುವನ್ನು ಮೊದಲಿನಿಂದ ಕೊನೆಯವರೆಗೆ ಅನುಸರಿಸುವ ಅಭಿಮಾನಿಗೆ ಒಂದೊಂದು ರೇಸಿನ ಗೆಲುವಿಗಿಂತ ಅಂಕಪಟ್ಟಿಯ ಏರಿಳಿತವೇ ಮುಖ್ಯವಾಗುತ್ತದೆ. ೨೦೧೯ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಇಂತಹ ಒಂದು ಋತುವಿನ ಕೊನೆಯಲ್ಲಿ ನಾಲ್ಕೇ ಅಂಕಗಳ ಅಂತರದಿಂದ ವಿಶ್ವಕಪ್ ಗೆದ್ದರು.

ಋತುವಿನ ಕಲ್ಪನೆ

ಉತ್ತರ ಕರ್ನಾಟಕದ ಓದುಗರಿಗೆ ಕಾರಹುಣ್ಣಿಮೆಯ ಕರಿ ಹರಿಯುವ ಓಟ ಪರಿಚಿತ. ಅಲ್ಲಿ ಒಂದು ಸಂಜೆ, ಒಂದೇ ಓಟ; ಮುಂದೆ ಬಂದ ಎತ್ತಿನ ಬಣ್ಣ ನೋಡಿ ಆ ವರ್ಷ ಮುಂಗಾರಿ ಬೆಳೆ ಚೆನ್ನಾಗಿ ಬಂದೀತೋ ಹಿಂಗಾರಿ ಬೆಳೆಯೋ ಎಂದು ಹೇಳಿಬಿಡುತ್ತಾರೆ. ಮೋಟಾರ್‌ಸೈಕಲ್ ಋತುವಿನ ಲೆಕ್ಕ ಇದಕ್ಕೆ ತದ್ವಿರುದ್ಧವಾದುದು. ಇಲ್ಲಿ ಒಂದು ದಿನದ ಗೆಲುವು ಇಡೀ ವರ್ಷದ ಫಲವನ್ನು ನಿರ್ಧರಿಸುವುದಿಲ್ಲ.

ಆರಂಭದ ದಿನಗಳಲ್ಲಿ ಮೋಟಾರ್‌ಸೈಕಲ್ ಸ್ಪರ್ಧೆಗಳೂ ಬಿಡಿಬಿಡಿಯಾಗಿಯೇ ನಡೆಯುತ್ತಿದ್ದವು. ಬ್ರಿಟನ್ ಬಳಿಯ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಸ್ಪರ್ಧೆ ೧೯೦೭ರಲ್ಲಿ ಆರಂಭವಾಯಿತು. ಬೇರೆ ಬೇರೆ ದೇಶಗಳ ರೇಸ್‌ಗಳನ್ನು ಪೋಣಿಸಿ ವಿಶ್ವ ಚಾಂಪಿಯನ್‌ಶಿಪ್ ಎಂಬ ಅಂಕಸರಣಿಯನ್ನು ರೂಪಿಸಿದ್ದು ೧೯೪೯ರಲ್ಲಿ. ಆ ವರ್ಷ ೫೦೦ ಸಿಸಿ ವರ್ಗದ ಮೊದಲ ಚಾಂಪಿಯನ್ ಆದವರು ಬ್ರಿಟನ್ನಿನ ಲೆಸ್ಲಿ ಗ್ರಹಾಂ. ಅದೇ ಸರಣಿ ಮುಂದುವರಿದು, ೨೦೦೨ರಿಂದ ಅದರ ಮೇಲಿನ ವರ್ಗವನ್ನು ಮೋಟೊಜಿಪಿ ಎಂದು ಕರೆಯಲಾಗುತ್ತಿದೆ. ಅದರ ಕೆಳಗೆ ಮೋಟೊ೨ ಮತ್ತು ಮೋಟೊ೩ ವರ್ಗಗಳಿವೆ. ಶಾಲೆಯ ತರಗತಿಗಳಂತೆ ಸವಾರರು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಹತ್ತುತ್ತಾರೆ.

ಅಂಕಗಳ ಲೆಕ್ಕ

ಮೋಟೊಜಿಪಿಯ ಭಾನುವಾರದ ರೇಸಿನಲ್ಲಿ ಮೊದಲ ಹದಿನೈದು ಸ್ಥಾನಗಳಿಗೆ ಅಂಕಗಳಿವೆ. ಗೆದ್ದವರಿಗೆ ೨೫, ಎರಡನೆಯವರಿಗೆ ೨೦, ಮೂರನೆಯವರಿಗೆ ೧೬, ನಾಲ್ಕನೆಯವರಿಗೆ ೧೩, ಐದನೆಯವರಿಗೆ ೧೧, ಆರನೆಯವರಿಗೆ ೧೦. ಅಲ್ಲಿಂದ ಒಂದೊಂದೇ ಕಡಿಮೆಯಾಗುತ್ತಾ ಹದಿನೈದನೆಯವರಿಗೆ ೧ ಅಂಕ. ೨೦೨೩ರಿಂದ ಶನಿವಾರ ಅರ್ಧ ದೂರದ ಸ್ಪ್ರಿಂಟ್ ರೇಸನ್ನೂ ಸೇರಿಸಲಾಗಿದೆ. ಅದರಲ್ಲಿ ಗೆದ್ದವರಿಗೆ ೧೨ ಅಂಕ, ಒಂಬತ್ತನೆಯವರಿಗೆ ೧. ಋತುವಿನ ಕೊನೆಯಲ್ಲಿ ಇಬ್ಬರ ಅಂಕ ಸಮವಾದರೆ ಹೆಚ್ಚು ರೇಸ್ ಗೆದ್ದವರಿಗೆ ಪ್ರಶಸ್ತಿ.

ಬಿದ್ದವರಿಗೆ ಸೊನ್ನೆ ಎಂಬುದೇ ಈ ಪದ್ಧತಿಯ ಮರ್ಮ. ಎರಡನೆಯ ಸ್ಥಾನದಲ್ಲಿರುವ ಸವಾರ ಮೊದಲ ಸ್ಥಾನಕ್ಕಾಗಿ ಹಾತೊರೆದು ಯಶಸ್ವಿಯಾದರೆ ದೊರೆಯುವುದು ಐದು ಅಂಕ. ವಿಫಲನಾಗಿ ಬಿದ್ದರೆ ಕಳೆದುಕೊಳ್ಳುವುದು ಇಪ್ಪತ್ತು. ಈ ಲೆಕ್ಕವನ್ನು ಗಂಟೆಗೆ ಮುನ್ನೂರು ಕಿ.ಮೀ. ವೇಗದಲ್ಲಿ ಮಾಡಬೇಕಾಗುತ್ತದೆ. ೧೯೯೯ರಲ್ಲಿ ಸ್ಪೇನಿನ ಎಮಿಲಿಯೊ ಅಲ್ಜಮೋರಾ ಒಂದೂ ರೇಸ್ ಗೆಲ್ಲದೆ, ಒಂದೇ ಅಂಕದ ಅಂತರದಿಂದ ೧೨೫ ಸಿಸಿ ವಿಶ್ವ ಚಾಂಪಿಯನ್ ಆದರು. ೨೦೨೪ರ ಮೋಟೊಜಿಪಿ ಋತುವಿನಲ್ಲಿ ಇಟಲಿಯ ಫ್ರಾನ್ಚೆಸ್ಕೊ ಬನ್ಯಾಯಾ ಭಾನುವಾರದ ೧೧ ರೇಸ್‌ಗಳನ್ನು ಗೆದ್ದರು. ಸ್ಪೇನಿನ ಹೋರ್ಹೆ ಮಾರ್ಟಿನ್ ಗೆದ್ದದ್ದು ಮೂರು. ಆದರೂ ೫೦೮ ಅಂಕಗಳೊಂದಿಗೆ ಮಾರ್ಟಿನ್ ಚಾಂಪಿಯನ್ ಆದರು. ಬನ್ಯಾಯಾ ೪೯೮ಕ್ಕೆ ನಿಂತರು.

ಅಭಿಮಾನಿಗಳು ಇಂದಿಗೂ ಚರ್ಚಿಸುವ ಋತು ೨೦೦೬ರದು. ಕೊನೆಯ ಹಿಂದಿನ ಸುತ್ತು ಪೋರ್ಚುಗಲ್ಲಿನ ಎಸ್ತೊರಿಲ್‌ನಲ್ಲಿ ನಡೆದಾಗ ವ್ಯಾಲೆಂಟಿನೊ ರೋಸಿ ಒಂದು ಸೆಕೆಂಡಿನ ಸಾವಿರದಲ್ಲಿ ಎರಡು ಭಾಗದಷ್ಟು ಅಂತರದಲ್ಲಿ ಎರಡನೆಯವರಾದರು. ಹಾಗಿದ್ದರೂ ಅಂಕಪಟ್ಟಿಯಲ್ಲಿ ಅವರು ಅಮೆರಿಕದ ನಿಕಿ ಹೇಡನ್‌ಗಿಂತ ೮ ಅಂಕ ಮುಂದಿದ್ದರು. ವೆಲೆನ್ಸಿಯಾದ ಕೊನೆಯ ರೇಸಿನಲ್ಲಿ ರೋಸಿ ಬಿದ್ದು, ಎದ್ದು, ಹದಿಮೂರನೆಯವರಾಗಿ ಮುಗಿಸಿದರು, ಹೇಡನ್ ಮೂರನೆಯವರಾದರು. ಒಟ್ಟು ಲೆಕ್ಕ ೨೫೨ಕ್ಕೆ ೨೪೭. ಎಸ್ತೊರಿಲ್‌ನಲ್ಲಿ ರೋಸಿ ಗೆದ್ದಿದ್ದರೆ ಇಬ್ಬರ ಅಂಕವೂ ಸಮವಾಗಿ, ಹೆಚ್ಚು ಗೆಲುವುಗಳ ಆಧಾರದ ಮೇಲೆ ಪ್ರಶಸ್ತಿ ರೋಸಿಯವರದಾಗುತ್ತಿತ್ತು. ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. ೨೦೨೨ರ ಮಧ್ಯಭಾಗದಲ್ಲಿ ಫ್ರಾನ್ಸಿನ ಫ್ಯಾಬಿಯೊ ಕ್ವಾರ್ಟರಾರೊ ಅವರಿಗಿಂತ ೯೧ ಅಂಕ ಹಿಂದಿದ್ದ ಬನ್ಯಾಯಾ, ಋತು ಮುಗಿಯುವ ಹೊತ್ತಿಗೆ ೧೭ ಅಂಕ ಮುಂದಿದ್ದರು.

ಐಶ್ವರ್ಯಾ ಪಿಸ್ಸೆ ಅವರ ೨೦೧೯ರ ಋತು

ಬಾಹಾ ಎಂಬುದು ಮರಳು, ಕಲ್ಲು, ಹೊಲದ ಹಾದಿಗಳಲ್ಲಿ ನಡೆಯುವ ಕಿರು ಅವಧಿಯ ರ‍್ಯಾಲಿ. ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾ ಪರ್ಯಾಯ ದ್ವೀಪದಿಂದ ಈ ಹೆಸರು ಬಂದಿದೆ. ಇಂತಹ ರ‍್ಯಾಲಿಗಳನ್ನು ಸೇರಿಸಿ ಎಫ್‌ಐಎಂ ನಡೆಸುವ ವಿಶ್ವಕಪ್‌ನಲ್ಲಿ ಮಹಿಳೆಯರಿಗೂ ಕಿರಿಯರಿಗೂ ಪ್ರತ್ಯೇಕ ವಿಭಾಗಗಳಿವೆ.

೨೦೧೮ರಲ್ಲಿ ಸ್ಪೇನಿನ ಅರಗೋನ್ ಬಾಹಾದಲ್ಲಿ ಸ್ಪರ್ಧಿಸಿದ್ದ ಐಶ್ವರ್ಯಾ ಅಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ತೀವ್ರ ಪೆಟ್ಟು ಮಾಡಿಕೊಂಡರು. ಅದಕ್ಕೂ ಮುಂಚೆ, ೨೦೧೭ರಲ್ಲಿ, ಅವರ ಕೊರಳೆಲುಬು ಮುರಿದು ಶಸ್ತ್ರಚಿಕಿತ್ಸೆಯಾಗಿತ್ತು. ಚೇತರಿಸಿಕೊಂಡು ೨೦೧೯ರ ಋತುವಿಗೆ ಇಳಿದಾಗ ಅವರಿಗೆ ೨೩ ವರ್ಷ.

ಮೊದಲ ಸುತ್ತು ದುಬೈನಲ್ಲಿ. ಮಹಿಳಾ ವಿಭಾಗದಲ್ಲಿ ಅವರು ಮೊದಲಿಗರಾದರು. ಪೋರ್ಚುಗಲ್ಲಿನಲ್ಲಿ ಮೂರನೆಯ ಸ್ಥಾನ, ಸ್ಪೇನಿನಲ್ಲಿ ಐದನೆಯದು. ಆಗಸ್ಟ್ ತಿಂಗಳಲ್ಲಿ ಹಂಗೇರಿಯ ವಾರ್ಪಲೋಟಾದಲ್ಲಿ ನಡೆದ ಕೊನೆಯ ಸುತ್ತಿನಲ್ಲಿ ನಾಲ್ಕನೆಯ ಸ್ಥಾನ. ೨೫, ೧೬, ೧೧, ೧೩. ಒಟ್ಟು ೬೫ ಅಂಕ. ಎರಡನೆಯವರಾದ ಪೋರ್ಚುಗಲ್ಲಿನ ರೀಟಾ ವಿಯೇರಾ ಅವರದು ೬೧. ಮೋಟಾರ್ ಕ್ರೀಡೆಯಲ್ಲಿ ವಿಶ್ವಮಟ್ಟದ ಪ್ರಶಸ್ತಿ ಗೆದ್ದ ಮೊದಲ ಭಾರತೀಯರೆಂಬ ಹೆಸರು ಐಶ್ವರ್ಯಾ ಅವರಿಗೆ ಬಂದಿತು. ಕಿರಿಯರ ವಿಭಾಗದಲ್ಲಿಯೂ ಅವರು ೪೬ ಅಂಕಗಳೊಂದಿಗೆ, ಚಿಲಿಯ ತೋಮಸ್ ದೆ ಗವಾರ್ದೊ (೬೦) ಅವರ ನಂತರ, ಎರಡನೆಯವರಾದರು.

ಈ ಪಟ್ಟಿಯಲ್ಲಿ ಕಣ್ಣಿಗೆ ಬೀಳುವುದು ದುಬೈನ ಗೆಲುವು. ಆದರೆ ಋತುವನ್ನು ಬಲ್ಲವರು ಬೆರಳಿಡುವುದು ಸ್ಪೇನಿನ ಐದನೆಯ ಸ್ಥಾನದ ಮೇಲೆ. ಹಿಂದಿನ ವರ್ಷ ಆಸ್ಪತ್ರೆಗೆ ಕಳಿಸಿದ್ದ ಅದೇ ಅರಗೋನ್ ನೆಲದಲ್ಲಿ, ಗುರಿ ಮುಟ್ಟಿ ತಂದ ೧೧ ಅಂಕಗಳವು. ಆ ಸುತ್ತನ್ನು ಅವರು ಮುಗಿಸದೇ ಹೋಗಿದ್ದರೆ ಒಟ್ಟು ೫೪ಕ್ಕೆ ಇಳಿದು, ಪ್ರಶಸ್ತಿ ಕೈತಪ್ಪುತ್ತಿತ್ತು. ಹಬ್ಬದ ಪ್ರಸಾರ, ನೇರ ವೀಕ್ಷಕ ವಿವರಣೆ ಯಾವುದೂ ಇಲ್ಲದ ಈ ಋತು ನಡೆಯುತ್ತಿದ್ದಾಗ ಕನ್ನಡದ ಓದುಗರಿಗೆ ಅದರ ಸುಳಿವೇ ಇರಲಿಲ್ಲವೆನ್ನಬಹುದು. ಕಪ್ಪು ಬಂದ ಮೇಲೆ ಸುದ್ದಿಯಾಯಿತು.

ದಕಾರ್ ಮತ್ತು ಕರ್ನಾಟಕದ ಸವಾರರು

ದೀರ್ಘ ರ‍್ಯಾಲಿಗಳಲ್ಲಿ ಪ್ರಸಿದ್ಧವಾದುದು ದಕಾರ್. ೧೯೭೮ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನಿಂದ ಆಫ್ರಿಕಾದ ದಕಾರ್ ನಗರದ ಕಡೆಗೆ ಹೊರಟ ಈ ಸ್ಪರ್ಧೆ, ೨೦೦೯ರಿಂದ ೨೦೧೯ರವರೆಗೆ ದಕ್ಷಿಣ ಅಮೆರಿಕದಲ್ಲಿ ನಡೆದು, ೨೦೨೦ರಿಂದ ಸೌದಿ ಅರೇಬಿಯಾಕ್ಕೆ ಸ್ಥಳಾಂತರಗೊಂಡಿದೆ. ಹೆಸರು ಮಾತ್ರ ಹಳೆಯದೇ ಉಳಿದಿದೆ. ೨೦೨೨ರಲ್ಲಿ ಆರಂಭವಾದ ವಿಶ್ವ ರ‍್ಯಾಲಿ-ರೇಡ್ ಚಾಂಪಿಯನ್‌ಶಿಪ್‌ನ ಋತು ಜನವರಿಯ ದಕಾರ್‌ನಿಂದಲೇ ತೊಡಗುತ್ತದೆ.

ಬೆಂಗಳೂರಿನ ಸಿ.ಎಸ್. ಸಂತೋಷ್ ೨೦೧೫ರಲ್ಲಿ ದಕಾರ್ ರ‍್ಯಾಲಿಯನ್ನು ೩೬ನೆಯ ಸ್ಥಾನದಲ್ಲಿ ಮುಗಿಸಿ, ಅದನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ಉಡುಪಿ ಮೂಲದ ಕೆ.ಪಿ. ಅರವಿಂದ್ ಎರಡು ವರ್ಷ ಅರ್ಧದಲ್ಲಿ ಹಿಂದೆ ಸರಿಯಬೇಕಾಗಿ ಬಂದು, ೨೦೧೯ರಲ್ಲಿ ಪೆರು ದೇಶದ ಮರಳಿನಲ್ಲಿ ೩೭ನೆಯವರಾಗಿ ಗುರಿ ಮುಟ್ಟಿದರು. ಅರವಿಂದ್ ಅವರನ್ನು ಕನ್ನಡಿಗರಲ್ಲಿ ಬಹುಪಾಲು ಮಂದಿ ಗುರುತಿಸುವುದು ೨೦೨೧ರ ಬಿಗ್ ಬಾಸ್ ಕಾರ್ಯಕ್ರಮದಿಂದ. ದಕಾರ್ ಮುಗಿಸುವುದು ಅದಕ್ಕಿಂತ ಬಹಳ ಕಠಿಣವಾದ ಕೆಲಸವೆಂಬುದನ್ನು ಇಲ್ಲಿ ಹೇಳಬಹುದು.

ರ‍್ಯಾಲಿಯನ್ನು ದೂರದಿಂದ ಅನುಸರಿಸುವವರು ಒಂದು ವಿಚಿತ್ರವನ್ನು ಅರಿತಿರಬೇಕು. ಇಂದು ಗೆದ್ದವರು ನಾಳೆ ಎಲ್ಲರಿಗಿಂತ ಮೊದಲು ಹೊರಡುತ್ತಾರೆ. ಮುಂದೆ ಚಕ್ರದ ಗುರುತಿಲ್ಲ. ದಾರಿಯ ಪುಸ್ತಕ ನೋಡಿಕೊಂಡು ಹಾದಿ ಹುಡುಕುವಷ್ಟರಲ್ಲಿ ಸಮಯ ಸೋರಿಹೋಗುತ್ತದೆ. ಹಿಂದಿನವರು ಆ ಗುರುತು ಹಿಡಿದು ವೇಗವಾಗಿ ಬರುತ್ತಾರೆ. ಆದುದರಿಂದ ಒಂದು ದಿನದ ಫಲಿತಾಂಶ ನೋಡಿ ಹಿಗ್ಗುವುದಾಗಲಿ ಕುಗ್ಗುವುದಾಗಲಿ ಸಲ್ಲದು. ೨೦೨೪ರಲ್ಲಿ ಭಾರತದ ಹೀರೊ ತಂಡದ ಪರವಾಗಿ ಸವಾರಿ ಮಾಡಿದ ಬೋಟ್ಸ್‌ವಾನಾದ ರಾಸ್ ಬ್ರಾಂಚ್ ದಕಾರ್‌ನಲ್ಲಿ ಎರಡನೆಯವರಾಗಿ, ಆ ಅಂಕಗಳ ಬಲದಿಂದ ಮುಂದುವರಿದು ಇಡೀ ಋತುವಿನ ವಿಶ್ವ ಚಾಂಪಿಯನ್ ಆದರು. ಅದೇ ದಕಾರ್‌ನಲ್ಲಿ ಕೇರಳದ ಹರಿತ್ ನೋವಾ ರ‍್ಯಾಲಿ-೨ ವರ್ಗವನ್ನು ಗೆದ್ದರು.

ಅಪಾಯ

ಈ ಕ್ರೀಡೆಯನ್ನು ಇಷ್ಟಪಡುವವರು ಅದರ ಬೆಲೆಯನ್ನೂ ತಿಳಿದೇ ನೋಡುತ್ತಾರೆ. ೨೦೨೦ರ ಜನವರಿ ೧೨ರಂದು ಸಂತೋಷ್ ಅವರ ತಂಡದ ಸಹಸವಾರ, ಪೋರ್ಚುಗಲ್ಲಿನ ಪೌಲೊ ಗೊನ್ಸಾಲ್ವಿಸ್ ದಕಾರ್‌ನಲ್ಲಿ ಮೃತಪಟ್ಟರು. ತಂಡ ಸ್ಪರ್ಧೆಯಿಂದ ಹಿಂದೆ ಸರಿಯಿತು. ಮರುವರ್ಷ ಸ್ವತಃ ಸಂತೋಷ್ ತೀವ್ರವಾಗಿ ಬಿದ್ದು, ರಿಯಾದ್‌ನ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸಲ್ಪಟ್ಟು, ಬದುಕಿ ಮರಳಿದರು.

೨೦೨೩ರ ಆಗಸ್ಟ್ ೫ರಂದು ಚೆನ್ನೈ ಬಳಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಮೂರನೆಯ ಸುತ್ತಿನಲ್ಲಿ ಬೆಂಗಳೂರಿನ ೧೩ ವರ್ಷದ ಬಾಲ ಸವಾರನೊಬ್ಬ ಮೃತಪಟ್ಟ. ಆ ಋತುವಿನಲ್ಲಿ ಅವನು ಸತತವಾಗಿ ಗೆಲ್ಲುತ್ತಾ ಬಂದಿದ್ದ. ಆ ವಾರಾಂತ್ಯದ ಉಳಿದ ರೇಸ್‌ಗಳನ್ನು ರದ್ದುಪಡಿಸಲಾಯಿತು. ಎಷ್ಟನೆಯ ವಯಸ್ಸಿನಲ್ಲಿ ಮಕ್ಕಳನ್ನು ಟ್ರ್ಯಾಕಿಗೆ ಇಳಿಸಬೇಕು ಎಂಬ ಪ್ರಶ್ನೆ ಅಭಿಮಾನಿಗಳಲ್ಲಿಯೂ ತಂದೆತಾಯಿಗಳಲ್ಲಿಯೂ ಅಂದಿನಿಂದ ಗಂಭೀರವಾಗಿ ಉಳಿದಿದೆ.

ಭಾರತದಲ್ಲಿ

ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಟ್ರ್ಯಾಕ್ ರೇಸ್‌ಗಳು ಮುಖ್ಯವಾಗಿ ತಮಿಳುನಾಡಿನಲ್ಲಿ ನಡೆಯುತ್ತವೆ: ಚೆನ್ನೈ ಬಳಿಯ ಇರುಂಗಾಟುಕೋಟೈನ ಸುಮಾರು ೩.೭ ಕಿ.ಮೀ. ಉದ್ದದ ಟ್ರ್ಯಾಕ್ ಮತ್ತು ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ. ಬೆಂಗಳೂರಿನ ಅಭಿಮಾನಿ ಹೊಸೂರು ದಾಟಿ ಹೋಗಬೇಕು; ವಿಜಯಪುರ, ಕಲಬುರಗಿ ಕಡೆಯವರಿಗೆ ಅದು ರಾತ್ರಿಪೂರ್ತಿ ಪ್ರಯಾಣ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-೧೦೦೦ ರ‍್ಯಾಲಿ ರಾಜ್ಯದ ಹಳೆಯ ಸ್ಪರ್ಧೆಗಳಲ್ಲೊಂದು.

ಮೋಟೊಜಿಪಿ ಭಾರತಕ್ಕೆ ಬಂದದ್ದು ಒಮ್ಮೆ ಮಾತ್ರ. ೨೦೨೩ರ ಸೆಪ್ಟೆಂಬರ್ ೨೨ರಿಂದ ೨೪ರವರೆಗೆ ಗ್ರೇಟರ್ ನೊಯ್ಡಾದ ಬುದ್ಧ ಸರ್ಕಿಟ್‌ನಲ್ಲಿ ನಡೆದ ಸುತ್ತನ್ನು ಇಟಲಿಯ ಮಾರ್ಕೊ ಬೆಝೆಚಿ ಗೆದ್ದರು. ಮಾರ್ಟಿನ್ ಎರಡನೆಯವರು, ಕ್ವಾರ್ಟರಾರೊ ಮೂರನೆಯವರು. ಬಿಸಿಲಿನ ಕಾರಣದಿಂದ ರೇಸಿನ ಲ್ಯಾಪ್‌ಗಳನ್ನು ೨೪ರಿಂದ ೨೧ಕ್ಕೆ ಇಳಿಸಲಾಯಿತು. ೨೦೨೪ರಲ್ಲಿ ಈ ಸುತ್ತು ನಡೆಯಲಿಲ್ಲ, ೨೦೨೫ರ ಪಟ್ಟಿಯಲ್ಲಿಯೂ ಇರಲಿಲ್ಲ.

ಋತುವನ್ನು ಅನುಸರಿಸುವ ಕ್ರಮ

ಮೋಟೊಜಿಪಿಯ ಪ್ರತಿ ಸುತ್ತು ಮೂರು ದಿನಗಳದು. ಶುಕ್ರವಾರದ ಅಭ್ಯಾಸದಲ್ಲಿ ಮೊದಲ ಹತ್ತು ಸ್ಥಾನ ಪಡೆದವರು ಅರ್ಹತಾ ಸ್ಪರ್ಧೆಯ ಎರಡನೆಯ ಹಂತಕ್ಕೆ ನೇರವಾಗಿ ಹೋಗುತ್ತಾರೆ. ಉಳಿದವರಲ್ಲಿ ಇಬ್ಬರಿಗೆ ಮಾತ್ರ ಮೊದಲ ಹಂತದ ಮೂಲಕ ಅಲ್ಲಿಗೆ ಪ್ರವೇಶ. ಹೊಸಬರು ಭಾನುವಾರವಷ್ಟೇ ನೋಡುತ್ತಾರೆ. ಒಂದೆರಡು ಋತು ನೋಡಿದವರು ಶುಕ್ರವಾರವನ್ನು ತಪ್ಪಿಸುವುದಿಲ್ಲ, ಏಕೆಂದರೆ ಹಳೆಯ ಟೈರಿನಲ್ಲಿ ಯಾರು ಲ್ಯಾಪಿನಿಂದ ಲ್ಯಾಪಿಗೆ ಒಂದೇ ಸಮನಾದ ವೇಗ ಕಾಯ್ದುಕೊಳ್ಳುತ್ತಾರೆ ಎಂಬುದು ಅಂದೇ ತಿಳಿಯುತ್ತದೆ.

ರೇಸ್‌ಗಳು ಸಾಮಾನ್ಯವಾಗಿ ಆಯಾ ದೇಶದ ಮಧ್ಯಾಹ್ನ ಎರಡು ಗಂಟೆಗೆ ಆರಂಭವಾಗುತ್ತವೆ. ಯುರೋಪಿನ ಬೇಸಿಗೆಯ ಸುತ್ತುಗಳು ನಮಗೆ ಸಂಜೆ ೫.೩೦ಕ್ಕೆ, ಜಪಾನಿನದು ಬೆಳಿಗ್ಗೆ ೧೦.೩೦ಕ್ಕೆ, ಆಸ್ಟ್ರೇಲಿಯಾದ್ದು ೮.೩೦ಕ್ಕೆ ಬರುತ್ತವೆ. ಅಮೆರಿಕದ ಟೆಕ್ಸಸ್‌ನ ಸುತ್ತು ಮಾತ್ರ ಮಧ್ಯರಾತ್ರಿ ದಾಟಿದ ಮೇಲೆ. ಮುಖ್ಯ ರೇಸ್ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಯುರೋಪಿನಲ್ಲಿ ಅಕ್ಟೋಬರ್ ಕೊನೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ, ಪ್ರಶಸ್ತಿ ನಿರ್ಧಾರವಾಗುವ ನವೆಂಬರ್‌ನ ಸುತ್ತುಗಳು ಇಲ್ಲಿ ೬.೩೦ಕ್ಕೆ ಆರಂಭವಾಗುತ್ತವೆ.