ಲಂಬರಚನೆ: ಕ್ಷೇತ್ರಗಣಿತದಿಂದ ಒಲಿಂಪಿಯಾಡ್‌ವರೆಗೆ

ಲಂಬರಚನೆ ಎಂದರೆ ರೇಖಾಗಣಿತದ ಸಮಸ್ಯೆಯಲ್ಲಿ ಕೊಟ್ಟಿಲ್ಲದ ಲಂಬವೊಂದನ್ನು ಚಿತ್ರಕ್ಕೆ ಸೇರಿಸಿ, ಅದರಿಂದ ಸಿಗುವ ಲಂಬಕೋನದ ಬಲದ ಮೇಲೆ ಸಮಸ್ಯೆ ಬಿಡಿಸುವ ವಿಧಾನ. ತ್ರಿಭುಜದ ಶೃಂಗದಿಂದ ಎದುರು ಬಾಹುವಿಗೆ ಎಳೆದ ಲಂಬವನ್ನು ಎತ್ತರ ಎಂದೂ, ಅದು ಬಾಹುವನ್ನು ಸೇರುವ ಬಿಂದುವನ್ನು ಲಂಬಪಾದ ಎಂದೂ, ಮೂರು ಎತ್ತರಗಳು ಕೂಡುವ ಬಿಂದುವನ್ನು ಲಂಬಕೇಂದ್ರ ಎಂದೂ ಕರೆಯುತ್ತಾರೆ. ಪ್ರಾಚೀನರಿಗೆ ಲಂಬವು ಮುಖ್ಯವಾಗಿ ಉದ್ದ, ಕ್ಷೇತ್ರಫಲಗಳ ಲೆಕ್ಕಕ್ಕೆ ಬೇಕಾಗಿತ್ತು. 18ನೇ ಶತಮಾನದಿಂದೀಚೆಗೆ ಅದು ಬಿಂದು, ವೃತ್ತಗಳ ಸಂಬಂಧ ಹುಡುಕುವ ಸಾಧನವೂ ಆಯಿತು. ಗಣಿತ ಸ್ಪರ್ಧೆಗಳಲ್ಲಿ ಎರಡೂ ಬಳಕೆಗಳು ಉಳಿದುಕೊಂಡಿವೆ.

ಗ್ರೀಕ್ ಆರಂಭ

ರೇಖೆಯ ಹೊರಗಿನ ಬಿಂದುವಿನಿಂದ ಆ ರೇಖೆಗೆ ಲಂಬ ಎಳೆಯುವ ಪ್ರಶ್ನೆಯನ್ನು ಮೊದಲು ಎತ್ತಿಕೊಂಡವನು ಕ್ರಿ.ಪೂ. 5ನೇ ಶತಮಾನದ ಈನೊಪಿಡೀಸ್ ಎಂದು ವ್ಯಾಖ್ಯಾನಕಾರ ಪ್ರೋಕ್ಲಸ್ ಹೇಳುತ್ತಾನೆ. ಖಗೋಳಶಾಸ್ತ್ರಕ್ಕೆ ಅದು ಉಪಯುಕ್ತವೆಂದು ಈನೊಪಿಡೀಸ್ ಭಾವಿಸಿದ್ದನಂತೆ. ಸುಮಾರು ಕ್ರಿ.ಪೂ. 300ರಲ್ಲಿ ಯೂಕ್ಲಿಡ್ ರಚಿಸಿದ ‘ಎಲಿಮೆಂಟ್ಸ್’ ಗ್ರಂಥದ ಮೊದಲ ಭಾಗದಲ್ಲಿ ಈ ರಚನೆ 12ನೆಯದು. ಪೈಥಾಗೊರಸ್ ಪ್ರಮೇಯಕ್ಕೆ ಅವನು ಕೊಟ್ಟ ಸಾಧನೆಯೂ ಲಂಬಕೋನದ ಶೃಂಗದಿಂದ ಎಳೆದ ಒಂದು ರೇಖೆಯ ಮೇಲೆ ನಿಂತಿದೆ. ಆ ರೇಖೆ ವಿಕರ್ಣದ ಮೇಲಿನ ಚೌಕವನ್ನು ಎರಡು ಆಯತಗಳಾಗಿ ಸೀಳುತ್ತದೆ. ವಿಕರ್ಣಕ್ಕೆ ಎಳೆದ ಎತ್ತರವು ಲಂಬಕೋನ ತ್ರಿಭುಜವನ್ನು ಮೂಲಕ್ಕೆ ಸಮರೂಪವಾದ ಎರಡು ತ್ರಿಭುಜಗಳಾಗಿ ಒಡೆಯುತ್ತದೆ ಎಂಬುದು ಆರನೆಯ ಭಾಗದಲ್ಲಿದೆ. ಆದರೆ ಮೂರು ಎತ್ತರಗಳು ಒಂದೇ ಬಿಂದುವಿನಲ್ಲಿ ಕೂಡುತ್ತವೆ ಎಂಬ ಪ್ರಮೇಯ ‘ಎಲಿಮೆಂಟ್ಸ್’ನಲ್ಲಿ ಇಲ್ಲ.

ಭಾರತೀಯ ಕ್ಷೇತ್ರಗಣಿತ

ಭಾರತದ ಗಣಿತಜ್ಞರು ಲಂಬವನ್ನು ಲೆಕ್ಕದ ಸೂತ್ರವಾಗಿ ಬೆಳೆಸಿದರು. ಬ್ರಹ್ಮಗುಪ್ತ 628ರಲ್ಲಿ ಬರೆದ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಮೂರು ಬಾಹುಗಳಿಂದ ಎತ್ತರವನ್ನು ಕಂಡುಹಿಡಿಯುವ ನಿಯಮವಿದೆ. ಲಂಬಪಾದವು ಭೂಮಿಯನ್ನು, ಅಂದರೆ ಕೆಳಗಿನ ಬಾಹುವನ್ನು, ಒಡೆಯುವ ಎರಡು ತುಂಡುಗಳಿಗೆ ಆಬಾಧೆ ಎಂದು ಹೆಸರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲೂ ಈ ಲೆಕ್ಕವಿದೆ. 12ನೇ ಶತಮಾನದ ರಾಜಾದಿತ್ಯ ‘ಕ್ಷೇತ್ರಗಣಿತ’ವೆಂಬ ಗ್ರಂಥವನ್ನು ಕನ್ನಡದಲ್ಲೇ ಬರೆದ.

ಭಾಸ್ಕರಾಚಾರ್ಯನ ‘ಲೀಲಾವತಿ’ (1150) ಕೊಡುವ ಉದಾಹರಣೆಯಲ್ಲಿ ಭೂಮಿ 14, ಉಳಿದ ಬಾಹುಗಳು 13 ಮತ್ತು 15. ಬಾಹುಗಳ ಮೊತ್ತ 28, ವ್ಯತ್ಯಾಸ 2, ಗುಣಿಸಿದರೆ 56. ಅದನ್ನು 14ರಿಂದ ಭಾಗಿಸಿದರೆ 4. ಭೂಮಿಗೆ 4 ಕೂಡಿಸಿ ಅರ್ಧ ಮಾಡಿದರೆ 9, ಕಳೆದು ಅರ್ಧ ಮಾಡಿದರೆ 5. ಇವೇ ಆಬಾಧೆಗಳು. 13ರ ವರ್ಗದಿಂದ 5ರ ವರ್ಗ ಕಳೆದರೆ 144, ಆದ್ದರಿಂದ ಲಂಬ 12, ಕ್ಷೇತ್ರಫಲ 84. ಇನ್ನೊಂದು ಉದಾಹರಣೆಯಲ್ಲಿ ಬಾಹುಗಳು 10 ಮತ್ತು 17, ಭೂಮಿ 9. ಇದೇ ಕ್ರಮ ಅನುಸರಿಸಿದರೆ ಆಬಾಧೆಗಳು 15 ಮತ್ತು ಋಣ 6 ಎಂದು ಬರುತ್ತವೆ. ಋಣ ಚಿಹ್ನೆ ಬಂದದ್ದು ದಿಕ್ಕು ತಿರುಗಿದ್ದರಿಂದ, ಅಂದರೆ ಲಂಬವು ತ್ರಿಭುಜದ ಹೊರಗೆ ಬಿದ್ದಿದೆ ಎಂದು ಭಾಸ್ಕರ ಅರ್ಥ ಹೇಳುತ್ತಾನೆ. ಲಂಬ ಮಾತ್ರ 8 ಎಂದು ಸರಿಯಾಗಿಯೇ ಸಿಗುತ್ತದೆ.

ಲಂಬಕೇಂದ್ರದ ಯುಗ

ಮೂರು ಎತ್ತರಗಳು ಏಕಬಿಂದುಗಾಮಿ ಎಂಬುದಕ್ಕೆ ಇಂಗ್ಲೆಂಡಿನ ವಿಲಿಯಂ ಚಾಪಲ್ 1749ರಲ್ಲಿ ಸಾಧನೆ ಪ್ರಕಟಿಸಿದ. ಇಂದು ಹೆಚ್ಚು ಪ್ರಚಲಿತವಾಗಿರುವ ಸಾಧನೆ ಗೌಸ್‌ನದು. ಪ್ರತಿ ಶೃಂಗದ ಮೂಲಕ ಎದುರು ಬಾಹುವಿಗೆ ಸಮಾಂತರ ರೇಖೆ ಎಳೆದರೆ ದೊಡ್ಡ ತ್ರಿಭುಜವೊಂದು ಏರ್ಪಡುತ್ತದೆ. ಮೂಲ ಶೃಂಗಗಳು ಅದರ ಬಾಹುಗಳ ಮಧ್ಯಬಿಂದುಗಳಾಗುತ್ತವೆ, ಮೂಲ ಎತ್ತರಗಳು ಅದರ ಲಂಬಾರ್ಧಕಗಳಾಗುತ್ತವೆ. ಲಂಬಾರ್ಧಕಗಳು ಒಂದೆಡೆ ಕೂಡುತ್ತವೆಂದು ಯೂಕ್ಲಿಡ್‌ನ ಕಾಲದಿಂದಲೂ ಗೊತ್ತು, ಹಾಗಾಗಿ ಸಾಧನೆ ಅಲ್ಲಿಗೇ ಮುಗಿಯಿತು.

ಲಂಬಕೇಂದ್ರ, ಗುರುತ್ವಕೇಂದ್ರ, ಪರಿಕೇಂದ್ರ ಮೂರೂ ಒಂದೇ ಸರಳರೇಖೆಯ ಮೇಲಿವೆ ಎಂದು ಆಯ್ಲರ್ 18ನೇ ಶತಮಾನದಲ್ಲಿ ತೋರಿಸಿದ. ಲಘುಕೋನ ತ್ರಿಭುಜದೊಳಗೆ, ಪ್ರತಿ ಬಾಹುವಿನ ಮೇಲೂ ಒಂದೊಂದು ಶೃಂಗವಿರುವಂತೆ ರಚಿಸಬಹುದಾದ ತ್ರಿಭುಜಗಳ ಪೈಕಿ ಅತಿ ಕಡಿಮೆ ಸುತ್ತಳತೆಯದು ಮೂರು ಲಂಬಪಾದಗಳಿಂದಾದದ್ದು ಎಂಬ ಫಲಿತಾಂಶ 1775ರ ಫಾನ್ಯಾನೊನ ಹೆಸರಿನಲ್ಲಿದೆ. ಲಂಬಪಾದಗಳು ಮೂರು, ಬಾಹುಗಳ ಮಧ್ಯಬಿಂದುಗಳು ಮೂರು, ಲಂಬಕೇಂದ್ರ ಮತ್ತು ಶೃಂಗಗಳ ನಡುವಿನ ಮಧ್ಯಬಿಂದುಗಳು ಮೂರು ಒಂದೇ ವೃತ್ತದ ಮೇಲಿವೆ ಎಂದು ಬ್ರಿಯಾನ್‌ಶೊನ್ ಮತ್ತು ಪೋನ್ಸ್‌ಲೆ 1821ರಲ್ಲಿ ಪ್ರಕಟಿಸಿದರು. ಇದೇ ನವಬಿಂದು ವೃತ್ತ.

ಸ್ಪರ್ಧೆಗಳಲ್ಲಿ

ಶಾಲಾ ವಿದ್ಯಾರ್ಥಿಗಳ ಗಣಿತ ಸ್ಪರ್ಧೆ ಹಂಗೇರಿಯಲ್ಲಿ 1894ರಲ್ಲಿ ಶುರುವಾಯಿತು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1959ರಲ್ಲಿ ರೊಮೇನಿಯದಲ್ಲಿ ಏಳು ದೇಶಗಳೊಂದಿಗೆ ಆರಂಭವಾಯಿತು. ಆ ವರ್ಷದ ನಾಲ್ಕನೆಯ ಪ್ರಶ್ನೆ ಹೀಗಿತ್ತು: ವಿಕರ್ಣವನ್ನು ಕೊಟ್ಟಿದೆ, ವಿಕರ್ಣಕ್ಕೆ ಎಳೆದ ಮಧ್ಯರೇಖೆಯು ಉಳಿದೆರಡು ಬಾಹುಗಳ ಗುಣೋತ್ತರ ಮಾಧ್ಯವಾಗುವಂತೆ ಲಂಬಕೋನ ತ್ರಿಭುಜ ರಚಿಸಿ. ಮಧ್ಯರೇಖೆ ವಿಕರ್ಣದ ಅರ್ಧ. ಆದ್ದರಿಂದ ಬಾಹುಗಳ ಗುಣಲಬ್ಧ ವಿಕರ್ಣವರ್ಗದ ಕಾಲುಭಾಗ. ಈಗ ವಿಕರ್ಣಕ್ಕೆ ಎತ್ತರ ಎಳೆಯಬೇಕು. ಕ್ಷೇತ್ರಫಲವನ್ನು ಎರಡು ಬಗೆಯಲ್ಲಿ ಬರೆದರೆ ಬಾಹುಗಳ ಗುಣಲಬ್ಧ ವಿಕರ್ಣ ಮತ್ತು ಎತ್ತರಗಳ ಗುಣಲಬ್ಧಕ್ಕೆ ಸಮ. ಹಾಗಾದರೆ ಎತ್ತರ ವಿಕರ್ಣದ ಕಾಲುಭಾಗ. ವಿಕರ್ಣವನ್ನು ವ್ಯಾಸವಾಗಿಟ್ಟು ಅರ್ಧವೃತ್ತ ಎಳೆದು, ಆ ದೂರದಲ್ಲಿ ಸಮಾಂತರ ರೇಖೆ ಹಾಯಿಸಿದರೆ ಅದು ವೃತ್ತವನ್ನು ಕಡಿಯುವಲ್ಲಿ ಮೂರನೆಯ ಶೃಂಗ ಸಿಗುತ್ತದೆ. ಕೋನಗಳು 15 ಮತ್ತು 75 ಡಿಗ್ರಿ.

ನಂತರದ ಪ್ರಶ್ನೆಗಳಲ್ಲಿ ವೃತ್ತಗಳ ಪಾಲು ಹೆಚ್ಚಿತು. ಎರಡು ಎತ್ತರಗಳ ಪಾದಗಳಲ್ಲಿ ಲಂಬಕೋನಗಳಿರುವುದರಿಂದ, ಆ ಪಾದಗಳೂ ಎತ್ತರಗಳು ಹೊರಟ ಎರಡು ಶೃಂಗಗಳೂ ಸೇರಿ ಒಂದು ಚಕ್ರೀಯ ಚತುರ್ಭುಜವಾಗುತ್ತವೆ. ಲಘುಕೋನ ತ್ರಿಭುಜದ ಮೂರು ಎತ್ತರಗಳಿಂದ, ಲಂಬಕೇಂದ್ರವನ್ನು ಶೃಂಗವಾಗಿ ಉಳ್ಳವನ್ನೂ ಸೇರಿಸಿ, ಒಟ್ಟು ಆರು ಚಕ್ರೀಯ ಚತುರ್ಭುಜಗಳು ಸಿಗುತ್ತವೆ. ಕೋನಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಸ್ಪರ್ಧಿಗಳು ಇವನ್ನೇ ನೆಚ್ಚುತ್ತಾರೆ. 2008ರಲ್ಲಿ ಮ್ಯಾಡ್ರಿಡ್‌ನಲ್ಲಿ ಕೇಳಿದ ಮೊದಲ ಪ್ರಶ್ನೆ, 2013ರಲ್ಲಿ ಕೊಲಂಬಿಯಾದಲ್ಲಿ ಕೇಳಿದ ನಾಲ್ಕನೆಯ ಪ್ರಶ್ನೆ ಎರಡೂ ಲಂಬಕೇಂದ್ರವನ್ನು ಕುರಿತವು. ಎರಡರಲ್ಲೂ ತ್ರಿಭುಜ ಲಘುಕೋನದ್ದೆಂದು ಮೊದಲೇ ಹೇಳಲಾಗಿದೆ. ವಿಶಾಲಕೋನ ತ್ರಿಭುಜದಲ್ಲಿ ಲಂಬಕೇಂದ್ರ ಹೊರಗೆ ಹೋಗುವುದರಿಂದ ಸಾಧನೆಯನ್ನು ಬೇರೆ ಚಿತ್ರಕ್ಕೆ ಮತ್ತೆ ಹೊಂದಿಸಬೇಕಾಗುತ್ತದೆ.

ಭಾರತದಲ್ಲಿ

ಭಾರತ ತಂಡ ಅಂತರರಾಷ್ಟ್ರೀಯ ಒಲಿಂಪಿಯಾಡ್‌ಗೆ ಮೊದಲು ಹೋದದ್ದು 1989ರಲ್ಲಿ. 1996ರ ಸ್ಪರ್ಧೆ ಮುಂಬಯಿಯಲ್ಲೇ ನಡೆಯಿತು. ದೇಶದ ಸ್ಪರ್ಧಿಗಳು ಬಹಳವಾಗಿ ಓದುವ ‘ಚಾಲೆಂಜ್ ಅಂಡ್ ಥ್ರಿಲ್ ಆಫ್ ಪ್ರಿ-ಕಾಲೇಜ್ ಮ್ಯಾಥಮ್ಯಾಟಿಕ್ಸ್’ ಪುಸ್ತಕದ ನಾಲ್ವರು ಲೇಖಕರಲ್ಲಿ ಸಿ.ಆರ್. ಪ್ರಾಣೇಶಾಚಾರ್ ಮತ್ತು ಬಿ.ಜೆ. ವೆಂಕಟಾಚಲ ಬೆಂಗಳೂರಿನಲ್ಲಿ ಕೆಲಸ ಮಾಡಿದವರು.

ನಿರ್ದೇಶಾಂಕಗಳಿಂದಲೂ ತ್ರಿಕೋನಮಿತಿಯಿಂದಲೂ ಇಂತಹ ಪ್ರಶ್ನೆಗಳನ್ನು ಬಿಡಿಸಬಹುದು, ಅದಕ್ಕೂ ಪೂರ್ಣ ಅಂಕ ಸಿಗುತ್ತದೆ. ಆದರೆ ಸರಿಯಾದ ಲಂಬ ಹೊಳೆದರೆ ಸಮರೂಪತೆ, ವೃತ್ತದ ಕೋನಗಳು, ಕ್ಷೇತ್ರಫಲ ಇವಿಷ್ಟೇ ಸಾಕು. ಇವೆಲ್ಲ ಹತ್ತನೆಯ ತರಗತಿಯೊಳಗಿನ ಪಾಠಗಳು.