ಮನೆ ಡೇಕೇರ್‌ಗಳ ಊಟದ ಮರುಪಾವತಿ: ಅಮೆರಿಕದ ಯೋಜನೆಯ ಇತಿಹಾಸ

ತಮ್ಮ ಮನೆಯಲ್ಲೇ ನೆರೆಹೊರೆಯ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವವರಿಗೆ, ಆ ಮಕ್ಕಳಿಗೆ ಬಡಿಸಿದ ಊಟ ತಿಂಡಿಯ ಲೆಕ್ಕದ ಮೇಲೆ ಅಮೆರಿಕದ ಕೇಂದ್ರ ಸರ್ಕಾರ ಹಣ ಕೊಡುವ ವ್ಯವಸ್ಥೆ. ಈಗಿನ ಹೆಸರು ಚೈಲ್ಡ್ ಅಂಡ್ ಅಡಲ್ಟ್ ಕೇರ್ ಫುಡ್ ಪ್ರೋಗ್ರಾಂ. ನಡೆಸುವುದು ಕೃಷಿ ಇಲಾಖೆ. ದೊಡ್ಡ ಡೇಕೇರ್ ಕೇಂದ್ರಗಳು, ಶಾಲೆ ಬಿಟ್ಟ ಮೇಲಿನ ಆರೈಕೆ ತಾಣಗಳು, ಹಗಲು ಹೊತ್ತಿನ ವೃದ್ಧರ ಆರೈಕೆ ಕೇಂದ್ರಗಳು ಕೂಡ ಇದರಡಿ ಬರುತ್ತವೆ. ಆದರೆ ಒಬ್ಬ ಹೆಣ್ಣುಮಗಳು ತನ್ನ ಅಡುಗೆಮನೆಯಲ್ಲಿ ನಾಲ್ಕಾರು ಮಕ್ಕಳಿಗೆ ಬೇಯಿಸಿ ಹಾಕುವ ಊಟವನ್ನು ರಾಷ್ಟ್ರದ ಬಜೆಟ್ಟು ಲೆಕ್ಕಕ್ಕೆ ತೆಗೆದುಕೊಂಡದ್ದು ಈ ಯೋಜನೆಯ ನಿಜವಾದ ವಿಶೇಷ. ಆ ಹಣ ಎಲ್ಲ ಮಕ್ಕಳಿಗೂ ಸಲ್ಲಬೇಕೋ ಬಡ ಮಕ್ಕಳಿಗೆ ಮಾತ್ರವೋ ಎಂಬ ತಕರಾರು ಅರ್ಧ ಶತಮಾನದಿಂದ ಇದರ ಬೆನ್ನು ಬಿಟ್ಟಿಲ್ಲ.

ಬೇರು ಶಾಲಾ ಊಟದಲ್ಲಿದೆ. 1946ರಲ್ಲಿ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ರಾಷ್ಟ್ರೀಯ ಶಾಲಾ ಊಟದ ಕಾಯಿದೆ ಶಾಲೆಗೆ ಹೋಗುವ ಮಕ್ಕಳ ಮಟ್ಟಿಗೆ ನಿಂತಿತ್ತು. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಕ್ಕಳು ಅದರ ಆಚೆಗೇ ಉಳಿದರು. 1967ರ ಏಪ್ರಿಲ್‌ನಲ್ಲಿ ಸೆನೆಟರ್‌ಗಳಾದ ರಾಬರ್ಟ್ ಕೆನಡಿ, ಜೋಸೆಫ್ ಕ್ಲಾರ್ಕ್ ಮಿಸಿಸಿಪ್ಪಿಯ ನದೀಬಯಲಿನ ಗುಡಿಸಲುಗಳಿಗೆ ಹೋಗಿ ಬಂದರು. ಹೊಟ್ಟೆ ಉಬ್ಬಿದ, ಹುಣ್ಣೆದ್ದ ಮಕ್ಕಳ ವಿಷಯ ದೇಶದ ಪತ್ರಿಕೆಗಳಲ್ಲಿ ಬಂತು. ಮರುವರ್ಷ, 1968ರ ಮೇ ತಿಂಗಳಲ್ಲಿ, ಓಹಾಯೋದ ಸಂಸದ ಚಾರ್ಲ್ಸ್ ವಾನಿಕ್ ಬೆನ್ನು ಹತ್ತಿದ್ದ ಮಸೂದೆ ಕಾನೂನಾಯಿತು. ಮಕ್ಕಳ ವಿಶೇಷ ಆಹಾರ ಸೇವಾ ಯೋಜನೆ ಎಂಬ ಹೆಸರಿನಲ್ಲಿ, ಮೂರು ವರ್ಷದ ಪ್ರಯೋಗವಾಗಿ, ಬಡವರು ಅಥವಾ ದುಡಿಯುವ ತಾಯಂದಿರು ಹೆಚ್ಚಾಗಿರುವ ಪ್ರದೇಶಗಳ ಡೇಕೇರ್ ಕೇಂದ್ರಗಳಿಗೂ ಬೇಸಿಗೆ ರಜೆಯ ಶಿಬಿರಗಳಿಗೂ ಊಟದ ಹಣ ಸಿಗತೊಡಗಿತು. ಮನೆಗಳಿಗೆ ಮಾತ್ರ ಇಲ್ಲ. ಮಗುವನ್ನು ಪಕ್ಕದ ಬೀದಿಯ ಪರಿಚಿತರ ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುವುದೇ ಅಂದಿನ ಎಷ್ಟೋ ತಾಯಂದಿರ ದಾರಿಯಾಗಿದ್ದರೂ ಕಾನೂನಿನ ಕಣ್ಣಿಗೆ ಕಂಡದ್ದು ಕಟ್ಟಡ, ಬೋರ್ಡು, ಆಡಳಿತ ಮಂಡಳಿ ಇದ್ದ ಸಂಸ್ಥೆಗಳಷ್ಟೇ.

ಮನೆಗಳಿಗೆ ಬಾಗಿಲು ತೆರೆದದ್ದು 1975ರಲ್ಲಿ. ಬೇಸಿಗೆಯ ಊಟವನ್ನು ಬೇರೆ ಮಾಡಿ, ಶಿಶುಪಾಲನಾ ಆಹಾರ ಯೋಜನೆಯನ್ನು ಸ್ವತಂತ್ರವಾಗಿ ನಿಲ್ಲಿಸುವ ಮಸೂದೆಯನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಒಪ್ಪಿತು. ಖರ್ಚು ಅತಿಯಾಯಿತು ಎಂದು ಅಧ್ಯಕ್ಷ ಫೋರ್ಡ್ ಅಕ್ಟೋಬರ್ 3ರಂದು ಅದನ್ನು ತಿರಸ್ಕರಿಸಿದರು. ನಾಲ್ಕೇ ದಿನಗಳಲ್ಲಿ, ಅಕ್ಟೋಬರ್ 7ರಂದು, ಎರಡೂ ಸದನಗಳು ಮೂರನೇ ಎರಡರಷ್ಟಕ್ಕೂ ಮೀರಿದ ಬಹುಮತದಿಂದ ಆ ತಿರಸ್ಕಾರವನ್ನು ತಳ್ಳಿಹಾಕಿದವು. ಹೊಸ ಕಾನೂನಿನಂತೆ ಮನೆ ಡೇಕೇರ್ ನಡೆಸುವವರು ನೇರವಾಗಿ ಸರ್ಕಾರಕ್ಕೆ ಅರ್ಜಿ ಹಾಕುವಂತಿಲ್ಲ, ಒಂದು ಪ್ರಾಯೋಜಕ ಸಂಸ್ಥೆಯ ಮೂಲಕವೇ ಬರಬೇಕು. ಜತೆಗೆ ಪ್ರತಿ ಮಗುವಿನ ತಂದೆತಾಯಿಯ ಆದಾಯದ ವಿವರವನ್ನೂ ಪಡೆಯಬೇಕು. ದಿನವೂ ಬಾಗಿಲಲ್ಲಿ ನಿಂತು ಮಾತಾಡಿಸುವ ನೆರೆಯವರನ್ನು ‘ನಿಮ್ಮ ಸಂಬಳ ಎಷ್ಟು?’ ಎಂದು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಹೆಚ್ಚಿನವರು ಒಪ್ಪಲಿಲ್ಲ.

ಈ ಕಷ್ಟವನ್ನು ಅರಿತು ಮಾಡಿದ್ದು 1978ರ ಕಾನೂನು. ಅಧ್ಯಕ್ಷ ಕಾರ್ಟರ್ ನವೆಂಬರ್ 10ರಂದು ಸಹಿ ಹಾಕಿದ ಈ ತಿದ್ದುಪಡಿ ಯೋಜನೆಯನ್ನು ಕಾಯಂ ಮಾಡಿತು, ಮನೆಗಳ ಮಟ್ಟಿಗೆ ಆದಾಯ ಪರೀಕ್ಷೆಯನ್ನು ತೆಗೆದುಹಾಕಿತು, ಎಲ್ಲ ಮಕ್ಕಳಿಗೂ ಒಂದೇ ದರ ಗೊತ್ತುಮಾಡಿತು. ಪ್ರಾಯೋಜಕ ಸಂಸ್ಥೆಗಳ ಆಡಳಿತ ವೆಚ್ಚಕ್ಕೆ ಪ್ರತ್ಯೇಕ ಹಣವೂ ಬಂತು. ಇಡೀ ಇತಿಹಾಸದಲ್ಲಿ ಇಷ್ಟು ವಿವೇಕದ ತೀರ್ಮಾನ ಮತ್ತೊಂದಿಲ್ಲ. ಯೋಜನೆಗೆ ಸೇರಲು ರಾಜ್ಯದ ಲೈಸೆನ್ಸು ಅಥವಾ ಮಾನ್ಯತೆ ಬೇಕೇ ಬೇಕು. ಹೀಗಾಗಿ ಲೆಕ್ಕಕ್ಕೆ ಸಿಗದೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಾವಿರಾರು ಮಂದಿ ಊಟದ ಹಣದ ಆಸೆಗೆ ಲೈಸೆನ್ಸು ಮಾಡಿಸಿಕೊಂಡರು. ಅದರ ಹಿಂದೆಯೇ ಮನೆಯ ಸುರಕ್ಷತೆ, ತರಬೇತಿ, ಹೊರಗಿನವರೊಬ್ಬರ ಭೇಟಿ ಎಲ್ಲವೂ ಬಂದವು.

ನಡೆಯುವ ಬಗೆ ಹೀಗೆ. ಡೇಕೇರ್ ನಡೆಸುವವರು ದಿನದಿನವೂ ಮೆನು, ಹಾಜರಾತಿ, ಯಾವ ಹೊತ್ತಿಗೆ ಎಷ್ಟು ಮಕ್ಕಳು ಉಂಡರು ಎಂಬುದನ್ನು ಬರೆದಿಡುತ್ತಾರೆ. ತಿಂಗಳಿಗೊಮ್ಮೆ ಅದನ್ನು ಪ್ರಾಯೋಜಕ ಸಂಸ್ಥೆಗೆ ಕ್ಲೇಮಾಗಿ ಕಳಿಸುತ್ತಾರೆ. ಸಂಸ್ಥೆ ಎಲ್ಲ ಮನೆಗಳ ಲೆಕ್ಕ ಕೂಡಿಸಿ ರಾಜ್ಯದ ಇಲಾಖೆಗೆ ಕೊಡುತ್ತದೆ. ರಾಜ್ಯದಿಂದ ಹಣ ಕೈಸೇರಿದ ಐದು ಕೆಲಸದ ದಿನಗಳೊಳಗೆ ಸಂಸ್ಥೆ ಅದನ್ನು ಮನೆಗಳಿಗೆ ಹಂಚಬೇಕು. ಕೊಂಡ ದಿನಸಿಯ ರಸೀದಿಗೆ ತಕ್ಕ ಹಣವಲ್ಲ ಇದು, ಬಡಿಸಿದ ಒಂದೊಂದು ಊಟಕ್ಕೆ ನಿಗದಿಯಾದ ದರ. ಆ ದರ ಪ್ರತಿ ಜುಲೈಯಲ್ಲಿ ದಿನಸಿ ಬೆಲೆಯ ಸೂಚ್ಯಂಕದ ಪ್ರಕಾರ ಬದಲಾಗುತ್ತದೆ. ಸಂಸ್ಥೆಯ ಮೇಲ್ವಿಚಾರಕರು ವರ್ಷಕ್ಕೆ ಮೂರು ಸಲವಾದರೂ ಮನೆಗೆ ಬರುತ್ತಾರೆ, ಅದರಲ್ಲಿ ಎರಡು ಭೇಟಿ ಹೇಳದೆ ಕೇಳದೆ.

1981ರಲ್ಲಿ ರೇಗನ್ ಸರ್ಕಾರದ ಬಜೆಟ್ ಕಡಿತದ ಕತ್ತರಿ ಇಲ್ಲಿಗೂ ಬಂತು. ದರ ಇಳಿಯಿತು, ಮಕ್ಕಳ ವಯೋಮಿತಿ 18ರಿಂದ 12ಕ್ಕೆ ಬಂತು, ದಿನಕ್ಕೆ ಒಂದು ಮಗುವಿಗೆ ಎರಡು ಊಟ, ಒಂದು ಲಘು ತಿಂಡಿಗಿಂತ ಹೆಚ್ಚು ಕ್ಲೇಮು ಮಾಡುವಂತಿಲ್ಲ ಎಂಬ ಮಿತಿ ಬಿತ್ತು. ಡೇಕೇರ್ ನಡೆಸುವವರು ತಮ್ಮ ಸ್ವಂತ ಮಗುವಿನ ಊಟಕ್ಕೆ ಹಣ ಪಡೆಯಬೇಕಾದರೆ ಅವರ ಆದಾಯವೇ ಕಡಿಮೆ ಇರಬೇಕೆಂದಾಯಿತು. ಇಷ್ಟಾದರೂ ಮನೆಗಳ ಸಂಖ್ಯೆ ಏರುತ್ತಲೇ ಹೋಯಿತು. ವೃದ್ಧರ ಕೇಂದ್ರಗಳನ್ನೂ ಒಳಗೊಂಡ ಮೇಲೆ, 1989ರಲ್ಲಿ, ಯೋಜನೆಗೆ ಇಂದಿನ ಹೆಸರು ಬಂತು.

ಏರಿಕೆಯೇ ಆಕ್ಷೇಪಕ್ಕೆ ದಾರಿಯಾಯಿತು. ಮನೆ ಡೇಕೇರ್‌ಗಳಲ್ಲಿ ಉಣ್ಣುವ ಬಹುಪಾಲು ಮಕ್ಕಳು ಬಡ ಕುಟುಂಬದವರಲ್ಲ ಎಂದು ಅಧ್ಯಯನಗಳು ತೋರಿಸಿದ್ದವು. 1996ರ ಆಗಸ್ಟ್ 22ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಮಾಡಿದ ಕಲ್ಯಾಣ ಸುಧಾರಣಾ ಕಾನೂನು ಮನೆಗಳನ್ನು ಎರಡು ಶ್ರೇಣಿಯಾಗಿ ಒಡೆಯಿತು. 1997ರ ಜುಲೈ 1ರಿಂದ ಅದು ಜಾರಿಗೆ ಬಂತು. ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಮಕ್ಕಳು ಉಚಿತ ಅಥವಾ ರಿಯಾಯಿತಿ ಶಾಲಾ ಊಟಕ್ಕೆ ಅರ್ಹರಾದ ಪ್ರದೇಶದಲ್ಲಿ ಮನೆಯಿದ್ದರೆ, ಇಲ್ಲವೇ ಡೇಕೇರ್ ನಡೆಸುವವರ ಸ್ವಂತ ಆದಾಯ ಬಡತನ ರೇಖೆಯ ಶೇ. 185ರ ಒಳಗಿದ್ದರೆ ಮೊದಲ ಶ್ರೇಣಿ. ಉಳಿದದ್ದು ಎರಡನೇ ಶ್ರೇಣಿ. ಅದುವರೆಗೆ ಒಂದೂವರೆ ಡಾಲರಿಗೂ ತುಸು ಹೆಚ್ಚಿದ್ದ ಮಧ್ಯಾಹ್ನದ ಊಟದ ದರ ಎರಡನೇ ಶ್ರೇಣಿಗೆ 95 ಸೆಂಟ್ ಆಯಿತು, ಬೆಳಗಿನ ಉಪಾಹಾರಕ್ಕೆ 27 ಸೆಂಟ್, ಲಘು ತಿಂಡಿಗೆ 13 ಸೆಂಟ್. ಎರಡನೇ ಶ್ರೇಣಿಯ ಮನೆಯಲ್ಲಿ ಬಡ ಮಗುವೊಂದು ಇದ್ದರೆ ಅದಕ್ಕೆ ಮೇಲಿನ ದರ ಸಿಗುತ್ತದೆ, ಆದರೆ ತಂದೆತಾಯಿ ಆದಾಯದ ಅರ್ಜಿ ತುಂಬಿ ಪ್ರಾಯೋಜಕ ಸಂಸ್ಥೆಗೆ ಕೊಡಬೇಕು.

ಗುರಿ ಮುಟ್ಟಲಿಲ್ಲ ಎನ್ನುವಂತಿಲ್ಲ. 1995ರಲ್ಲಿ ಮರುಪಾವತಿಯ ಐದನೇ ಒಂದು ಭಾಗದಷ್ಟು ಮಾತ್ರ ಬಡ ಮಕ್ಕಳಿಗೆ ಸಲ್ಲುತ್ತಿದ್ದರೆ, 1999ರ ಹೊತ್ತಿಗೆ ಅದು ಅರ್ಧದ ಹತ್ತಿರಕ್ಕೆ ಬಂದಿತ್ತು. ಎರಡನೇ ಶ್ರೇಣಿಗೆ ಬಿದ್ದರೂ ಯೋಜನೆಯಲ್ಲೇ ಉಳಿದವರು ಊಟದ ಗುಣಮಟ್ಟವನ್ನು ಇಳಿಸಲಿಲ್ಲ ಎಂದು ಕೃಷಿ ಇಲಾಖೆ ಮಾಡಿಸಿದ ಅಧ್ಯಯನವೇ ಕಂಡುಕೊಂಡಿತು. ಕಡಿಮೆಯಾದ ಹಣವನ್ನು ಅವರು ತಮ್ಮ ದುಡಿಮೆಯಿಂದಲೋ ತಂದೆತಾಯಿಗಳ ಶುಲ್ಕದಿಂದಲೋ ತುಂಬಿಕೊಳ್ಳಬೇಕಾಯಿತು. ತೆತ್ತ ಬೆಲೆ ಬೇರೆ ಕಡೆ ಇದೆ. 1990ರ ದಶಕದ ನಡುವಿನಲ್ಲಿ 1,90,000ದ ಆಸುಪಾಸಿನಲ್ಲಿದ್ದ ಮನೆಗಳ ಸಂಖ್ಯೆ ಅಲ್ಲಿಂದಾಚೆಗೆ ಇಳಿಯುತ್ತ ಒಂದು ಲಕ್ಷದ ಕೆಳಗೆ ಬಂತು. ಲೈಸೆನ್ಸು ಪಡೆದ ಮನೆ ಡೇಕೇರ್‌ಗಳೇ ದೇಶದಲ್ಲಿ ಕಡಿಮೆಯಾದದ್ದೂ ಇದಕ್ಕೆ ಕಾರಣ, ನಿಜ. ಆದರೂ 13 ಸೆಂಟಿನ ತಿಂಡಿಗಾಗಿ ಯಾರು ತಾನೇ ದಿನವೂ ಕಾಗದ ತುಂಬುತ್ತಾರೆ? 1978ರಲ್ಲಿ ತಿಳಿದೇ ಕೈಬಿಟ್ಟಿದ್ದ ಆದಾಯ ಪರೀಕ್ಷೆಯನ್ನು ಹಿಂದಕ್ಕೆ ತಂದದ್ದು, ಕಲಿತ ಪಾಠವನ್ನು ಕೈಯಾರೆ ಅಳಿಸಿದಂತಾಯಿತು.

ಅದೇ ವರ್ಷಗಳಲ್ಲಿ ಕೆಲವು ಪ್ರಾಯೋಜಕ ಸಂಸ್ಥೆಗಳ ವಂಚನೆಯೂ ಲೆಕ್ಕಪರಿಶೋಧನೆಯಲ್ಲಿ ಹೊರಬಿತ್ತು. ಇಲ್ಲದ ಮನೆಗಳು, ಇಲ್ಲದ ಮಕ್ಕಳ ಹೆಸರಿನಲ್ಲಿ ಕ್ಲೇಮು ಸಲ್ಲಿಸಿದ ಪ್ರಕರಣಗಳಿದ್ದವು. 2000ದಲ್ಲಿ ಬಂದ ಕಾನೂನು ಅನಿರೀಕ್ಷಿತ ಭೇಟಿ, ಅನರ್ಹರ ರಾಷ್ಟ್ರೀಯ ಪಟ್ಟಿ ಮುಂತಾದ ಕಟ್ಟುಪಾಡುಗಳನ್ನು ಬಿಗಿಮಾಡಿತು. ಮೋಸ ಮಾಡಿದವರ ಪಾಲಿಗೆ ಅದು ಬೇಕಾದದ್ದೇ. ಆದರೆ ಒಂದು ದಿನದ ಲೆಕ್ಕ ಬರೆಯಲು ತಡವಾದವರೂ ಅದೇ ಹೆದರಿಕೆಯಲ್ಲಿ ಬಾಳುವಂತಾಯಿತು.

ತಟ್ಟೆಯೊಳಗಿನ ಬದಲಾವಣೆ ತಡವಾಗಿ ಬಂತು. 2010ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಒಬಾಮಾ ಸಹಿ ಮಾಡಿದ ಕಾನೂನಿನ ಆಧಾರದ ಮೇಲೆ ಹೊಸ ಊಟದ ನಿಯಮಗಳು 2016ರಲ್ಲಿ ಅಂತಿಮಗೊಂಡು 2017ರ ಅಕ್ಟೋಬರ್ 1ರಿಂದ ಜಾರಿಗೆ ಬಂದವು. ಮಧ್ಯಾಹ್ನದ ಊಟದಲ್ಲಿ ಹಾಲು, ಮಾಂಸ ಅಥವಾ ಅದರ ಬದಲಿ, ತರಕಾರಿ, ಹಣ್ಣು, ಧಾನ್ಯ ಐದೂ ಇರಬೇಕು. ದಿನಕ್ಕೊಮ್ಮೆಯಾದರೂ ತವುಡು ತೆಗೆಯದ ಧಾನ್ಯ, ಹಣ್ಣಿನ ರಸ ದಿನಕ್ಕೆ ಒಂದೇ ಸಲ, ಎಣ್ಣೆಯಲ್ಲಿ ಮುಳುಗಿಸಿ ಕರಿಯುವಂತಿಲ್ಲ, ಕೇಕು ಕುಕೀಗಳು ಧಾನ್ಯದ ಲೆಕ್ಕಕ್ಕಿಲ್ಲ. ತಾಯಿ ಬಂದು ಅಲ್ಲೇ ಎದೆಹಾಲು ಕುಡಿಸಿದರೂ ಆ ಹೊತ್ತಿನ ಊಟಕ್ಕೆ ಹಣ ಸಿಗುತ್ತದೆ. ಬೇಯಿಸಿದ ಬೇಳೆಕಾಳು ಮಾಂಸದ ಬದಲಿಯಾಗಿ ಸಲ್ಲುವುದರಿಂದ ಅಲ್ಲಿ ಮನೆ ಡೇಕೇರ್ ನಡೆಸುವ ಭಾರತೀಯ ಮೂಲದವರು ತಮ್ಮ ಅಡುಗೆಯನ್ನೇ ನಿಯಮಕ್ಕೆ ಹೊಂದಿಸಿಕೊಳ್ಳಬಹುದು.

ಕೋವಿಡ್ ಕಾಲದಲ್ಲಿ ಕಟ್ಟು ಸಡಿಲವಾಯಿತು. 2020ರ ಮಾರ್ಚ್‌ನಿಂದ ಊಟವನ್ನು ಪೋಷಕರು ಮನೆಗೆ ಒಯ್ಯಲು, ಮೇಲ್ವಿಚಾರಣೆಯನ್ನು ದೂರದಿಂದ ಮಾಡಲು ಅವಕಾಶ ಸಿಕ್ಕಿತು. 2022ರ ಜೂನ್‌ನ ಕಾನೂನು ಒಂದು ವರ್ಷದ ಮಟ್ಟಿಗೆ ಎಲ್ಲ ಮನೆಗಳಿಗೂ ಮೊದಲ ಶ್ರೇಣಿಯ ದರವನ್ನೂ, ಅದರ ಮೇಲೆ ಪ್ರತಿ ಊಟಕ್ಕೆ 10 ಸೆಂಟನ್ನೂ ಕೊಟ್ಟಿತು. ಭೇದವಿಲ್ಲದ ದರ 25 ವರ್ಷಗಳ ನಂತರ ಮರಳಿತ್ತು. 2023ರ ಜುಲೈ 1ಕ್ಕೆ ಅವಧಿ ಮುಗಿದು ಎರಡು ಶ್ರೇಣಿಗಳು ಮತ್ತೆ ಬಂದವು. ಆ ವರ್ಷ ಮಧ್ಯಾಹ್ನದ ಊಟಕ್ಕೆ ಮೊದಲ ಶ್ರೇಣಿಯಲ್ಲಿ 3 ಡಾಲರಿಗೆ ತುಸು ಹೆಚ್ಚು, ಎರಡನೆಯದರಲ್ಲಿ 2 ಡಾಲರಿಗೂ ಕಡಿಮೆ. ಬೆಳಗ್ಗೆ ಏಳಕ್ಕೆ ಬಂದು ಸಂಜೆ ಆರರವರೆಗೆ ಇರುವ ಮಗುವಿಗೆ ಮೂರನೇ ಊಟದ ಹಣ ಸಿಗಬೇಕೆಂದು ಕಾಂಗ್ರೆಸ್‌ನಲ್ಲಿ ಮಸೂದೆಗಳು ಮಂಡನೆಯಾಗಿವೆ.