ಮೌನಂ ಸಮ್ಮತಿ ಲಕ್ಷಣಂ?

ಟೆಕ್ಸಾಸಿನ ಒಂದು ಹೋಟೆಲಿನ ಗಾಜಿನ ಬಾಗಿಲ ಮೇಲೆ ಆ ಫಲಕವನ್ನು ಮೊದಲ ಸಲ ನೋಡಿದಾಗ ಮನೆ ಬಾಡಿಗೆಯ ಕರಾರುಪತ್ರ ಅಂಟಿಸಿದ ಹಾಗೆ ಕಂಡಿತ್ತು. ಅಷ್ಟುದ್ದದ ಬರಹ. ಇಂಗ್ಲಿಷಿನಲ್ಲಿ ಒಂದು ಸಲ, ಸ್ಪ್ಯಾನಿಷಿನಲ್ಲಿ ಇನ್ನೊಂದು ಸಲ. ಹೊಟ್ಟೆ ಹಸಿದಾಗ ಅದನ್ನೆಲ್ಲ ಯಾರು ಓದ್ತಾರೆ? ಜೊತೆಗಿದ್ದ ಗೆಳೆಯ ಅಂದ, "ಅದು ನಮಗಲ್ಲ ಮಾರಾಯ, ಸೊಂಟದಲ್ಲಿ ಪಿಸ್ತೂಲು ಬಚ್ಚಿಟ್ಟುಕೊಂಡು ಬರೋರಿಗೆ." ಆಮೇಲೆ ಊಟದುದ್ದಕ್ಕೂ ನಾನು ಅಕ್ಕಪಕ್ಕದ ಮೇಜಿನವರ ಸೊಂಟವನ್ನೇ ನೋಡ್ತಾ ಕೂತಿದ್ದೆ ಅನ್ನಿ!

ಅಲ್ಲಿಯವರು ಆ ಫಲಕಕ್ಕೆ 30.06 ಅಂತಾರೆ. ಟೆಕ್ಸಾಸ್ ದಂಡಸಂಹಿತೆಯ ಕಲಮಿನ ಸಂಖ್ಯೆ ಅದು. ತಮಾಷೆಯೆಂದರೆ 1906ರ ಒಂದು ಪ್ರಸಿದ್ಧ ರೈಫಲ್ ಗುಂಡಿಗೂ ಅದೇ ಹೆಸರು. ಫಲಕದಲ್ಲಿ ಏನು ಬರೆದಿರಬೇಕು ಅನ್ನೋದನ್ನೂ ಕಾನೂನೇ ಹೇಳುತ್ತೆ. ಎರಡು ಭಾಷೆ, ಎದ್ದು ಕಾಣುವ ಬಣ್ಣ, ಅಕ್ಷರ ಕನಿಷ್ಠ ಒಂದು ಇಂಚು ಎತ್ತರ. ಬರೀ ಪಿಸ್ತೂಲಿನ ಚಿತ್ರ ಹಾಕಿ ಅದರ ಮೇಲೆ ಅಡ್ಡಗೆರೆ ಎಳೆದರೆ ಲೈಸೆನ್ಸುದಾರನನ್ನು ತಡೆಯೋಕಾಗಲ್ಲ. ಫಲಕ ಬೇಡವೆಂದರೆ ಮಾಲೀಕ ಬಾಯಿಬಿಟ್ಟು ಹೇಳಬೇಕು, ಇಲ್ಲಾ ಬರೆದು ಕೊಡಬೇಕು.

ಒಟ್ಟಿನಲ್ಲಿ ಹೇಳಲೇಬೇಕು. ಸುಮ್ಮನಿದ್ದರೆ "ಬಾ" ಅಂದ ಹಾಗೆ. ಮೌನಂ ಸಮ್ಮತಿ ಲಕ್ಷಣಂ!

ಈ ಪದ್ಧತಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ನನಗೆ ಮೊದಲ ಅಚ್ಚರಿ ಕಾದಿತ್ತು. ಟೆಕ್ಸಾಸ್ ಅಂದರೆ ಕೌಬಾಯ್, ಕೌಬಾಯ್ ಅಂದರೆ ಪಿಸ್ತೂಲು ಅಂತ ಸಿನಿಮಾ ನೋಡಿ ನಂಬಿದವನು ನಾನು. ಆದರೆ ಪಿಸ್ತೂಲು ಧರಿಸಿ ಓಡಾಡುವುದನ್ನು ಆ ರಾಜ್ಯ 1871ರಲ್ಲೇ ನಿಷೇಧಿಸಿತ್ತು. ಸ್ವಂತ ಜಾಗದಲ್ಲಿರುವವರು, ಪ್ರಯಾಣಿಕರು ಇಂಥ ಕೆಲವರಿಗೆ ಮಾತ್ರ ವಿನಾಯಿತಿ. ಈ ನಿಷೇಧ ಹೆಚ್ಚುಕಡಿಮೆ ನೂರಿಪ್ಪತ್ತೈದು ವರ್ಷ ಬಾಳಿತು.

ಅದನ್ನು ಅಲುಗಾಡಿಸಿದ್ದು 1991ರ ಅಕ್ಟೋಬರ್ 16ರ ಮಧ್ಯಾಹ್ನ. ಕಿಲೀನ್ ಎಂಬ ಊರಿನ ಲೂಬೀಸ್ ಕೆಫೆಟೇರಿಯಾದ ಗಾಜು ಒಡೆದು ಒಬ್ಬ ಟ್ರಕ್ಕನ್ನು ಒಳಗೇ ನುಗ್ಗಿಸಿದ. ಇಳಿದವನೇ ಗುಂಡು ಹಾರಿಸುತ್ತಾ ಹೋದ. 23 ಜನ ಸತ್ತರು. ಅಲ್ಲಿ ಅಪ್ಪ ಅಮ್ಮನ ಜೊತೆ ಊಟಕ್ಕೆ ಬಂದಿದ್ದ ಸುಝಾನಾ ಗ್ರೇಶಿಯಾ (ಮುಂದೆ ಹಪ್) ಕೈಚೀಲಕ್ಕೆ ಕೈ ಹಾಕಿದಳಂತೆ. ರಿವಾಲ್ವರ್ ಇರಲಿಲ್ಲ, ಹೊರಗೆ ಕಾರಿನಲ್ಲಿತ್ತು. ಕಾನೂನು ಮುರಿದು ಸಿಕ್ಕಿಬಿದ್ದರೆ ತನ್ನ ಕೈರೋಪ್ರಾಕ್ಟರ್ ವೃತ್ತಿಯ ಲೈಸೆನ್ಸು ಹೋದೀತೆಂದು ಹೆದರಿ ಅವಳೇ ಅಲ್ಲಿಟ್ಟಿದ್ದಳು. ಕೊಲೆಗಾರನ ಮೇಲೆ ಏರಿಹೋದ ಅಪ್ಪ ಸತ್ತ. ಅಮ್ಮನೂ ಹಿಂದೆಯೇ ಬರುತ್ತಿದ್ದಾಳೆ ಅಂದುಕೊಂಡು ಸುಝಾನಾ ಕಿಟಕಿಯಿಂದ ಹೊರಬಿದ್ದಳು. ಅಮ್ಮ ಗಂಡನ ಪಕ್ಕದಲ್ಲೇ ಉಳಿದಿದ್ದಳು, ಅಲ್ಲೇ ಸತ್ತಳು.

ರಿವಾಲ್ವರ್ ಕೈಯಲ್ಲಿದ್ದಿದ್ದರೆ ಏನಾಗುತ್ತಿತ್ತು? ಯಾರಿಗೂ ಗೊತ್ತಿಲ್ಲ. ಆದರೆ ಆ "ಇದ್ದಿದ್ದರೆ" ರಾಜಕೀಯವನ್ನೇ ತಿರುಗಿಸಿತು. 1993ರಲ್ಲಿ ಈ ಬಗ್ಗೆ ಜನಮತಗಣನೆ ನಡೆಸುವ ಮಸೂದೆಯನ್ನು ಗವರ್ನರ್ ಆ್ಯನ್ ರಿಚರ್ಡ್ಸ್ ತಳ್ಳಿಹಾಕಿದರು. ಮರುವರ್ಷದ ಚುನಾವಣೆಯಲ್ಲಿ ಅವರನ್ನು ಸೋಲಿಸಿದ ಜಾರ್ಜ್ ಡಬ್ಲ್ಯು ಬುಷ್, 1995ರಲ್ಲಿ ಲೈಸೆನ್ಸು ಕೊಡುವ ಕಾನೂನಿಗೆ ಸಹಿ ಹಾಕಿದರು. ಸುಝಾನಾ 1996ರಲ್ಲಿ ಶಾಸಕಿಯೂ ಆದರು.

ಆಗ ಎದ್ದ ಪ್ರಶ್ನೆ: ನನ್ನ ಅಂಗಡಿಗೆ ಪಿಸ್ತೂಲು ಬೇಡ ಅಂದರೆ? ಎಂಥ ಫಲಕ ಹಾಕಿದರೆ ನಡೆಯುತ್ತೆ? 1997ರಲ್ಲಿ ಬಂದ 30.06 ಅದಕ್ಕೆ ಉತ್ತರ. 2016ರಿಂದ ಪಿಸ್ತೂಲನ್ನು ಕಾಣುವ ಹಾಗೆ ಧರಿಸಲೂ ಲೈಸೆನ್ಸುದಾರರಿಗೆ ಅವಕಾಶವಾಯಿತು, ಅದಕ್ಕೆ ಇನ್ನೊಂದು ಫಲಕ, 30.07. 2021ರಿಂದ ಬಹುತೇಕ ವಯಸ್ಕರಿಗೆ ಲೈಸೆನ್ಸೇ ಬೇಡವೆಂದಾಯಿತು, ಅದಕ್ಕೆ ಮತ್ತೊಂದು. ಗಾಜಿನ ಬಾಗಿಲಲ್ಲಿ ಗಾಜು ಕಾಣೋದೇ ಕಷ್ಟ!

ಇದಕ್ಕೆ ತದ್ವಿರುದ್ಧ ಹವಾಯಿ. ಅಲ್ಲಿ ಪಿಸ್ತೂಲು ಒಯ್ಯಲು ಲೈಸೆನ್ಸು ಸಿಗೋದೇ ಅಪರೂಪವಾಗಿತ್ತು. 2022ರ ಜೂನಿನಲ್ಲಿ ಸುಪ್ರೀಂ ಕೋರ್ಟು ಬ್ರೂಯೆನ್ ಪ್ರಕರಣದಲ್ಲಿ, ಮನೆಯ ಹೊರಗೂ ಆತ್ಮರಕ್ಷಣೆಗೆ ಪಿಸ್ತೂಲು ಒಯ್ಯುವುದು ಹಕ್ಕು ಅಂದಿತು. ಹವಾಯಿ ಲೈಸೆನ್ಸು ಕೊಡಲೇಬೇಕಾಯಿತು. 2023ರಲ್ಲಿ ಅದು ಹೊಸ ಕಾನೂನು ಮಾಡಿತು: ಖಾಸಗಿ ಜಾಗದ ಮಾಲೀಕ ಬಾಯಲ್ಲೋ ಬರಹದಲ್ಲೋ ಫಲಕದಲ್ಲೋ "ತರಬಹುದು" ಎಂದು ಹೇಳದ ಹೊರತು ತರುವ ಹಾಗಿಲ್ಲ. ಇಲ್ಲಿ ಮೌನ ಅಂದರೆ ನಿರಾಕರಣೆ.

ಕಥೆ ಇತಿಹಾಸದ ಕಡೆ ಹೊರಳೋದು ಇಲ್ಲೇ. ಈಗಿನ ಬಂದೂಕು ಕಾನೂನು ದೇಶದ ಹಳೆಯ ಪರಂಪರೆಗೆ ಹೊಂದಬೇಕು ಅಂತಲೂ ಬ್ರೂಯೆನ್ ತೀರ್ಪು ಹೇಳಿತ್ತು. ಸರಿ, ವಕೀಲರೆಲ್ಲ ಹಳೆಯ ಕಡತಗಳ ಧೂಳು ಕೊಡವತೊಡಗಿದರು. ಎರಡು ಕಾನೂನು ಸಿಕ್ಕವು. ಒಂದು 1771ರ ನ್ಯೂಜೆರ್ಸಿಯದು: ಪರರ ಜಮೀನಿಗೆ ಲಿಖಿತ ಒಪ್ಪಿಗೆ ಇಲ್ಲದೆ ಬಂದೂಕು ತರಬಾರದು. ಅದು ಮುಖ್ಯವಾಗಿ ಕಳ್ಳಬೇಟೆ ತಡೆಯೋಕೆ. ಇನ್ನೊಂದು 1865ರ ಲೂಸಿಯಾನಾದ್ದು: ಒಡೆಯನ ಒಪ್ಪಿಗೆ ಇಲ್ಲದೆ ಅವನ ಜಾಗದಲ್ಲಿ, ಪ್ಲಾಂಟೇಶನ್ನಿನಲ್ಲಿ ಬಂದೂಕು ಒಯ್ಯಬಾರದು.

1865ನೇ ಇಸವಿ, ಪ್ಲಾಂಟೇಶನ್. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಅಂತರ್ಯುದ್ಧ ಮುಗಿದು ಗುಲಾಮರು ಆಗಷ್ಟೇ ಬಿಡುಗಡೆಯಾಗಿದ್ದ ವರ್ಷ ಅದು. ಆದರೆ ಅವರಲ್ಲಿ ಬಹುಪಾಲು ಜನ ದುಡಿಯುತ್ತಿದ್ದದ್ದು, ಮಲಗುತ್ತಿದ್ದದ್ದು ಹಳೆಯ ಒಡೆಯರ ನೆಲದಲ್ಲೇ. ಅವರ ಕೈಯಲ್ಲಿ ಬಂದೂಕು ಇರಬೇಕೋ ಬೇಡವೋ ಅಂತ ಮತ್ತೆ ಒಡೆಯನೇ ಹೇಳಬೇಕು! ದಕ್ಷಿಣದ ಬಿಳಿಯರು ಕರಿಯರನ್ನು ಕಟ್ಟಿಹಾಕಲು ತಂದ ಬ್ಲ್ಯಾಕ್ ಕೋಡ್ ಎಂಬ ಕಾನೂನುಗಳ ಕಾಲದ ಕೂಸು ಇದು.

2024ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ಎರಡನ್ನೂ ಮುಂದಿಟ್ಟುಕೊಂಡು ಹವಾಯಿಯ ಆ ನಿಯಮವನ್ನು ಎತ್ತಿಹಿಡಿಯಿತು. 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ವಿಚಾರಣೆಗೆ ಎತ್ತಿಕೊಂಡಿತು.

ನನ್ನ ಮನಸ್ಸು ಹವಾಯಿಯ ಕಡೆಗೇ ವಾಲುತ್ತೆ, ಸುಳ್ಳು ಯಾಕೆ ಹೇಳಲಿ. ಪರರ ಮನೆಗೆ ಆಯುಧ ಒಯ್ಯುವವನೇ ಮೊದಲು ಕೇಳಬೇಕು ಅನ್ನೋದು ನನಗೆ ಸಹಜವಾಗಿ ಕಾಣುತ್ತೆ. ಬಹಳಷ್ಟು ಅಂಗಡಿಯವರು ಯಾವ ಗಿರಾಕಿಯನ್ನೂ ಕಳಕೊಳ್ಳೋಕೆ ಮನಸ್ಸಿಲ್ಲದೆ ಸುಮ್ಮನಿದ್ದುಬಿಡ್ತಾರೆ. ಹಾಗಾಗಿ ಅವರ ಮೌನಕ್ಕೆ ಕಾನೂನು ಏನು ಅರ್ಥ ಹಚ್ಚುತ್ತದೋ ಅದೇ ಕೊನೆಯ ಮಾತು. ಆದರೆ 1865ರ ಆ ಸಾಲು ಓದಿದ ಮೇಲೆ ಮೊದಲಿನ ನಿಶ್ಚಿಂತೆ ಇಲ್ಲ. ಹೋಟೆಲಿನ ಬಾಗಿಲಲ್ಲಿ ಮರ್ಯಾದೆ ಅನ್ನಿಸುವ ಮಾತೇ, ತನ್ನದು ಅನ್ನೋ ಬಾಗಿಲೇ ಇಲ್ಲದವನ ಪಾಲಿಗೆ ಬೇಡಿಯಾಗಿತ್ತು.

ನೀವೇನಂತೀರಿ? ದಯವಿಟ್ಟು ಮೌನವಾಗಿರಬೇಡಿ. ಅದನ್ನು ಒಪ್ಪಿಗೆ ಅನ್ನಬೇಕೋ ಬೇಡವೋ ನನಗೆ ಇನ್ನೂ ಬಗೆಹರಿದಿಲ್ಲ :)